ತೊಟ್ಟಿಯ ಪಕ್ಕ ಇಟ್ಟ ಚೀಲ

ಕುವೈತಿನ ಸಾಲ್ಮಿಯಾದಲ್ಲಿ ಬೆಳಿಗ್ಗೆ ಶಾಲೆಯ ಬಸ್ಸಿಗಾಗಿ ನಾವು ಕೆಳಗಿಳಿಯುವ ಹೊತ್ತಿಗೆ ರಸ್ತೆ ಗುಡಿಸಿ ಆಗಿರುತ್ತದೆ. ರಾತ್ರಿ ಅಲ್ಲಿ ಏನೇನು ಬಿದ್ದಿತ್ತೋ ನಮಗೆ ಗೊತ್ತಾಗುವುದೇ ಇಲ್ಲ. ಪೊರಕೆ ಹಿಡಿದು ಬಂದು ಹೋದವರಲ್ಲಿ ಹೆಚ್ಚಿನವರು ಬಾಂಗ್ಲಾದೇಶ, ಭಾರತ, ನೇಪಾಳಗಳಿಂದ ನಮ್ಮಂತೆಯೇ ಹೊಟ್ಟೆಪಾಡಿಗೆ ಬಂದವರು. ರಜೆಯಲ್ಲಿ ಬೆಂಗಳೂರಿಗೆ ಹೋದಾಗ ಮಾತ್ರ "ನಮ್ಮಲ್ಲಿ ಎಷ್ಟು ಕ್ಲೀನ್ ಗೊತ್ತಾ!" ಎಂದು ನೆಂಟರ ಮುಂದೆ ಜಂಬ ಕೊಚ್ಚುತ್ತೇವೆ. ಆ ಕ್ಲೀನ್‌ನಲ್ಲಿ ನಮ್ಮ ಪಾಲೆಷ್ಟು?

ಒಂದು ಕಸದ ಚೀಲವನ್ನೇ ನೋಡೋಣ. ಕಟ್ಟಡದ ಎದುರಿನ ಕಬ್ಬಿಣದ ತೊಟ್ಟಿ ಚಿಕ್ಕ ಮಕ್ಕಳಿಗೆ ಎಟುಕುವುದಿಲ್ಲ. ಆದರೂ ಚೀಲವನ್ನು ಮಕ್ಕಳ ಕೈಯಲ್ಲೇ ಕಳುಹಿಸುತ್ತೇವೆ (ತಪ್ಪು ಯಾರದು, ಪಾಲಕರೇ ಹೇಳಿ). ಮಗು ಅದನ್ನು ತೊಟ್ಟಿಯ ಪಕ್ಕ ಇಟ್ಟು ಓಡಿ ಬರುತ್ತದೆ. ರಾತ್ರಿ ಬೆಕ್ಕುಗಳು ಚೀಲ ಹರಿದು ಮೀನಿನ ಮುಳ್ಳು, ಅನ್ನ ಎಲ್ಲವನ್ನೂ ಎಳೆದು ಹಾಕುತ್ತವೆ. ಇಲ್ಲಿ ಗಾಳಿಗಂತೂ ಬರವಿಲ್ಲ. ಹಗುರವಾದ ಪ್ಲಾಸ್ಟಿಕ್ ಎಲ್ಲ ಹಾರಿ ಕಾರುಗಳ ಅಡಿ ಸೇರುತ್ತದೆ. ಒಮ್ಮೆ ಎತ್ತಿದ್ದರೆ ಮುಗಿಯುತ್ತಿದ್ದ ಚೀಲಕ್ಕಾಗಿ ಒಬ್ಬ ಮನುಷ್ಯ ಈಗ ಐವತ್ತು ಸಲ ಬಗ್ಗಬೇಕು. ಅದೂ ಎಂಥ ಸೆಖೆಯಲ್ಲಿ! 2016ರ ಜುಲೈಯಲ್ಲಿ ಕುವೈತಿನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಜೂನ್‌ನಿಂದ ಆಗಸ್ಟ್‌ವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರ ತನಕ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮವೇನೋ ಇದೆ. ಆದರೆ 10 ಗಂಟೆಯ ಬಿಸಿಲೂ ಬಿಸಿಲೇ.

ಕಸ ಬಿದ್ದ ಫುಟ್‌ಪಾತ್‌ನಲ್ಲಿ ಯಾರೂ ನಡೆಯುವುದಿಲ್ಲ, ರಸ್ತೆಗೆ ಇಳಿಯುತ್ತಾರೆ. ಕಾರು ನಿಲ್ಲಿಸಿದರೂ ಅಷ್ಟೇ. ಫುಟ್‌ಪಾತ್‌ನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ತೆರವಾದ ಜಾಗ ಇರಬೇಕು ಎಂದು ಭಾರತದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರ ಮಾರ್ಗಸೂಚಿಯಲ್ಲಿ ಹೇಳಿತು. ಸಾಧಾರಣ ಕಾರಿನ ಅಗಲವೂ ಹೆಚ್ಚುಕಡಿಮೆ ಅಷ್ಟೇ! "ಎರಡೇ ನಿಮಿಷ" ಎಂದು ಕಾರನ್ನು ಮೇಲೆ ಹತ್ತಿಸಿದರೆ, ಊರಿನಿಂದ ಬಂದ ಅಜ್ಜಿ ಕೋಲೂರಿಕೊಂಡು ವಾಹನಗಳ ನಡುವೆ ನಡೆಯಬೇಕಾಗುತ್ತದೆ.

2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ನಮ್ಮ ಮೈಸೂರು ಮೊದಲ ಸ್ಥಾನ ಪಡೆದಾಗ ಇಲ್ಲಿ ನಾವೂ ಹಿಗ್ಗಿದೆವು. ಅದು ಪೌರಕಾರ್ಮಿಕರ ಪೊರಕೆಯಿಂದ ಮಾತ್ರ ಬಂದದ್ದಲ್ಲ. ಹಸಿ ಕಸ, ಒಣ ಕಸವನ್ನು ಬೇರೆ ಬೇರೆ ಮಾಡುವ ಕೆಲಸ ಅಡುಗೆಮನೆಯಲ್ಲೇ ಶುರುವಾಗುತ್ತದೆ. ಕುಂಬಾರಕೊಪ್ಪಲಿನಂಥ ಘಟಕದಲ್ಲಿ ಗೊಬ್ಬರ ಮಾಡಲು ಅದೇ ಆಧಾರ.

ಈ ವರ್ಷ ನಮ್ಮ ಕಟ್ಟಡದ ನಾಲ್ಕು ಮನೆಯವರು ಒಂದು ಸಣ್ಣ ಒಪ್ಪಂದ ಮಾಡಿಕೊಂಡೆವು: ಕಸ ಒಯ್ಯುವುದು ದೊಡ್ಡವರ ಕೆಲಸ, ಹಸಿ ಕಸಕ್ಕೆ ಎರಡು ಗಂಟು, ಚೀಲ ತೊಟ್ಟಿಯ ಒಳಗೇ. ಮಕ್ಕಳು ಮೇಲಿನ ಕಿಟಕಿಯಿಂದ ನೋಡುತ್ತಿರುತ್ತಾರೆ. ಮೊನ್ನೆ ಒಬ್ಬ ಅಪ್ಪ ಚೀಲವನ್ನು ಪಕ್ಕದಲ್ಲೇ ಇಟ್ಟು ಹೊರಟಾಗ, ಮಗಳು ಮೂರನೇ ಮಹಡಿಯಿಂದ "ಅಪ್ಪಾ, ಒಳಗೆ!" ಎಂದು ಕೂಗಿದಳು. ಬೀದಿಯೆಲ್ಲ ತಿರುಗಿ ನೋಡಿತು. ಅಪ್ಪ ಹಿಂದೆ ಹೋಗಿ ಮುಚ್ಚಳ ಎತ್ತಿದರು.