ಪ್ರವಾಸಿಗರ ನಗರದಲ್ಲಿ ನಿವಾಸಿಯಾಗುವುದೆಂದರೆ: ಆಮ್‌ಸ್ಟರ್‌ಡ್ಯಾಮ್‌ಗೆ ಹೊರಡುವವರಿಗೆ ಕೆಲವು ಮಾತುಗಳು

ಹೊರನಾಡ ಕನ್ನಡಿಗರ ಮನೆಗಳಲ್ಲಿ ಈಗ ಎರಡನೆಯ ವಲಸೆಯ ಮಾತು ಕೇಳಿಬರುತ್ತಿದೆ. ಕರಾವಳಿಯಿಂದಲೋ ಉತ್ತರ ಕರ್ನಾಟಕದಿಂದಲೋ ಹಿರಿಯರು ಮುಂಬಯಿ, ಪುಣೆಗಳಿಗೆ ಬಂದು ನೆಲೆನಿಂತರು. ಅವರ ಮೊಮ್ಮಕ್ಕಳು ಇಂದು ಉದ್ಯೋಗ ನಿಮಿತ್ತ ಯುರೋಪಿನ ನಗರಗಳತ್ತ ಮುಖ ಮಾಡಿದ್ದಾರೆ. ಅಂತಹ ನಗರಗಳಲ್ಲಿ ನೆದರ್ಲೆಂಡ್ಸ್ ದೇಶದ ರಾಜಧಾನಿ ಆಮ್‌ಸ್ಟರ್‌ಡ್ಯಾಮ್ ಮುಖ್ಯವಾದುದು. ಮಾಹಿತಿ ತಂತ್ರಜ್ಞಾನ, ಬ್ಯಾಂಕಿಂಗ್ ಮೊದಲಾದ ಕ್ಷೇತ್ರಗಳಲ್ಲಿ ಇಂಗ್ಲಿಷ್ ಬಲ್ಲವರಿಗೆ ಅಲ್ಲಿ ಅವಕಾಶಗಳುಂಟು. ಕಾಲುವೆ, ಸೇತುವೆ, ಸೈಕಲ್, ವಸ್ತುಸಂಗ್ರಹಾಲಯಗಳ ಆ ನಗರದ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ಆದರೆ ಮೂರು ದಿನಕ್ಕೆ ಹೋಗುವವರು ಕಾಣುವ ನಗರವೇ ಬೇರೆ, ಮೂರು ವರ್ಷ ಬಾಳಲು ಹೋಗುವವರು ಕಾಣುವ ನಗರವೇ ಬೇರೆ. ಇವೆರಡರ ನಡುವಣ ವ್ಯತ್ಯಾಸವನ್ನು ಉದ್ಯೋಗಪತ್ರಕ್ಕೆ ಸಹಿ ಹಾಕುವ ಮೊದಲೇ ತಿಳಿದುಕೊಳ್ಳುವುದು ಲೇಸು.

ಮೊದಲಿಗೆ ನಗರದ ಸ್ವರೂಪವನ್ನು ನೋಡೋಣ. ಆಮ್‌ಸ್ಟರ್‌ಡ್ಯಾಮ್‌ನ ಹಳೆಯ ಭಾಗ ನಿಂತಿರುವುದು ಜೌಗು ನೆಲದ ಮೇಲೆ. ಮೆದು ಮಣ್ಣಿನ ಕೆಳಗಿರುವ ಮರಳಿನ ಪದರವನ್ನು ಮುಟ್ಟುವಂತೆ ಮರದ ಕಂಬಗಳನ್ನು ಇಳಿಸಿ, ಅವುಗಳ ಮೇಲೆ ಕಟ್ಟಡಗಳನ್ನು ಎಬ್ಬಿಸಲಾಗಿದೆ. ಡ್ಯಾಮ್ ಚೌಕದ ಅರಮನೆಯೊಂದರ ಅಡಿಯಲ್ಲೇ 13,659 ಕಂಬಗಳಿವೆಯೆಂದು ಹೇಳುತ್ತಾರೆ. ವ್ಯಾಪಾರದಿಂದ ಸಂಪತ್ತು ಹರಿದುಬಂದ 17ನೆಯ ಶತಮಾನದಲ್ಲಿ ಅರ್ಧಚಂದ್ರಾಕಾರವಾಗಿ ತೋಡಿದ ಕಾಲುವೆಗಳ ಪ್ರದೇಶವನ್ನು 2010ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ತಾಣವೆಂದು ಘೋಷಿಸಿತು. ಈ ಗೌರವಕ್ಕೆ ಇನ್ನೊಂದು ಮುಖವೂ ಇದೆ. ಸಂರಕ್ಷಿತ ಪ್ರದೇಶದಲ್ಲಿ ಹಳೆಯದನ್ನು ಕೆಡವಿ ಬಹುಮಹಡಿ ಕಟ್ಟುವಂತಿಲ್ಲ. ಇರುವ ಮನೆಗಳಷ್ಟೇ ಮನೆಗಳು. ಅವೂ ಅಗಲ ಕಿರಿದಾದ, ಏಣಿಯಂತೆ ಕಡಿದಾದ ಮೆಟ್ಟಿಲುಗಳ, ಬಹುಪಾಲು ಲಿಫ್ಟ್ ಇಲ್ಲದ ಮನೆಗಳು. ಮಂಚ, ಕಪಾಟುಗಳನ್ನು ಮೆಟ್ಟಿಲಲ್ಲಿ ಒಯ್ಯಲಾಗದೆ, ಮನೆಯ ನೆತ್ತಿಯಲ್ಲಿ ಹೊರಚಾಚಿದ ತೊಲೆಯ ಕೊಕ್ಕೆಗೆ ಹಗ್ಗ ಕಟ್ಟಿ ಕಿಟಕಿಯ ಮೂಲಕ ಒಳಗೆ ಸೇರಿಸುವ ಪದ್ಧತಿ ಅಲ್ಲಿತ್ತು. ಆ ಕೊಕ್ಕೆಗಳು ಈಗಲೂ ಇವೆ. ಮೊಣಕಾಲು ನೋವಿನ ತಂದೆತಾಯಿಯರನ್ನು ಕೆಲಕಾಲ ಕರೆಸಿಕೊಳ್ಳುವ ಆಸೆಯುಳ್ಳವರು ಇದನ್ನು ನೆನಪಿಡಬೇಕು.

ಇನ್ನು ಪ್ರವಾಸಿಗರ ಸಂಗತಿ. ನಗರದ ಜನಸಂಖ್ಯೆ 9 ಲಕ್ಷಕ್ಕೆ ತುಸು ಹೆಚ್ಚು. ಪ್ರವಾಸಿಗರು ಅಲ್ಲಿ ತಂಗುವ ರಾತ್ರಿಗಳನ್ನು ಎಣಿಸಿದರೆ ವರ್ಷಕ್ಕೆ ಎರಡು ಕೋಟಿಯ ಆಸುಪಾಸು. ಈ ಸಂಖ್ಯೆ ಎರಡು ಕೋಟಿಯನ್ನು ಮೀರದಿರಲೆಂದು ನಿವಾಸಿಗಳು ಸಹಿ ಸಂಗ್ರಹಿಸಿ ಒತ್ತಾಯಿಸಿದ ಮೇಲೆ 2021ರಲ್ಲಿ ನಗರಸಭೆ ನಿಯಮವನ್ನೇ ರೂಪಿಸಿತು. ಆದರೂ ಅನಂತರದ ವರ್ಷಗಳಲ್ಲಿ ಆ ಮಿತಿ ದಾಟಿದೆ. 2018ರ ಡಿಸೆಂಬರಿನಲ್ಲಿ ಮ್ಯೂಸಿಯಂ ಚೌಕದಲ್ಲಿದ್ದ, ಪ್ರವಾಸಿಗರು ಛಾಯಾಚಿತ್ರಕ್ಕಾಗಿ ಮುಗಿಬೀಳುತ್ತಿದ್ದ, ನಗರದ ಹೆಸರಿನ ದೈತ್ಯಾಕ್ಷರಗಳನ್ನು ತೆಗೆದುಹಾಕಲಾಯಿತು. 2024ರಿಂದ ಹೋಟೆಲ್ ವಾಸ್ತವ್ಯದ ದರದ ಮೇಲೆ ಶೇ. 12.5 ಪ್ರವಾಸಿ ತೆರಿಗೆಯಿದೆ. ಹಳೆಯ ಹೋಟೆಲೊಂದು ಮುಚ್ಚಿದ ಹೊರತು ಹೊಸ ಹೋಟೆಲಿಗೆ ಅನುಮತಿ ಇಲ್ಲವೆಂಬ ತೀರ್ಮಾನವೂ ಅದೇ ವರ್ಷದ್ದು.

ಪ್ರವಾಸಿಗರೂ ನಿವಾಸಿಗಳೂ ಬಯಸುವುದು ಅದೇ ಮನೆಗಳನ್ನು ಎಂಬುದೇ ಈ ಜಗಳದ ಮೂಲ. ವಾರಾಂತ್ಯದ ಅತಿಥಿಗೆ ದಿನಲೆಕ್ಕದಲ್ಲಿ ಕೊಟ್ಟರೆ ಮಾಲೀಕನಿಗೆ ಬರುವ ಹಣ, ಕುಟುಂಬಕ್ಕೆ ತಿಂಗಳ ಬಾಡಿಗೆಗೆ ಕೊಟ್ಟರೆ ಬಾರದು. ಆದುದರಿಂದಲೇ ಸ್ವಂತ ಮನೆಯನ್ನು ಪ್ರವಾಸಿಗರಿಗೆ ಕೊಡಬಹುದಾದ ಅವಧಿಯನ್ನು 2019ರಲ್ಲಿ ವರ್ಷಕ್ಕೆ 60 ರಾತ್ರಿಗಳಿಂದ 30ಕ್ಕೆ ಇಳಿಸಲಾಯಿತು. ಹಾಗಿದ್ದರೂ ಮನೆಯ ಬರ ನೀಗಿಲ್ಲ. ವಸತಿ ಸಂಸ್ಥೆಗಳು ಕಡಿಮೆ ಬಾಡಿಗೆಗೆ ಕೊಡುವ ಮನೆಗಳಿಗೆ ಕಾಯುವ ಕಾಲ ಹತ್ತು ವರ್ಷಗಳನ್ನೂ ಮೀರುತ್ತದೆ. ಹೊಸದಾಗಿ ಬಂದವರಿಗೆ ಉಳಿಯುವುದು ಖಾಸಗಿ ಬಾಡಿಗೆಯ ಮಾರುಕಟ್ಟೆಯೊಂದೇ. 2024ರ ಜುಲೈನಲ್ಲಿ ಮಧ್ಯಮ ದರ್ಜೆಯ ಮನೆಗಳ ಬಾಡಿಗೆಗೂ ಸರಕಾರ ಮಿತಿ ಹಾಕಿದಾಗ, ಲಾಭ ಕುಗ್ಗಿತೆಂದು ಅನೇಕ ಮಾಲೀಕರು ಮನೆಗಳನ್ನು ಮಾರತೊಡಗಿದರು. ಬಾಡಿಗೆದಾರರ ರಕ್ಷಣೆಗೆಂದು ಬಂದ ಕಾನೂನು ಹೊಸಬರ ಹುಡುಕಾಟವನ್ನು ಇನ್ನಷ್ಟು ಕಠಿಣವಾಗಿಸಿದ್ದು ವಿಪರ್ಯಾಸ.

ನಮ್ಮಲ್ಲಿ ನಾಲ್ಕಾರು ಗೆಳೆಯರು ಸೇರಿ ಒಂದು ಕೋಣೆ ಹಿಡಿದು ದಿನ ತಳ್ಳುವುದು ವಾಡಿಕೆ. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅದು ಸುಲಭವಲ್ಲ. ಒಂದೇ ಕುಟುಂಬಕ್ಕೆ ಸೇರದ ಮೂವರು ವಯಸ್ಕರು ಒಂದು ಮನೆಯನ್ನು ಹಂಚಿಕೊಳ್ಳಬೇಕಾದರೆ ಆ ಮನೆಗೆ ನಗರಸಭೆಯ ಪರವಾನಗಿ ಬೇಕು. ಅಲ್ಲದೆ ವಿಳಾಸ ಎಂಬುದು ಅಲ್ಲಿ ಕೇವಲ ಅಂಚೆಗಾಗಿ ಅಲ್ಲ. ನಾಲ್ಕು ತಿಂಗಳಿಗಿಂತ ಹೆಚ್ಚು ಕಾಲ ನೆಲೆಸುವವರು ಬಂದ ಐದು ದಿನಗಳೊಳಗೆ ನಗರಸಭೆಯ ಜನಸಂಖ್ಯಾ ದಾಖಲೆಯಲ್ಲಿ ಹೆಸರು ನೋಂದಾಯಿಸಬೇಕು. ಆಗ ದೊರೆಯುವ ನಾಗರಿಕ ಸೇವಾ ಸಂಖ್ಯೆಯೇ ಸಂಬಳ, ತೆರಿಗೆ, ಬ್ಯಾಂಕ್, ಆರೋಗ್ಯ ವಿಮೆಗಳಿಗೆಲ್ಲ ಕೀಲಿಕೈ. ಕೆಲವು ಬಾಡಿಗೆ ಜಾಹೀರಾತುಗಳಲ್ಲಿ "ನೋಂದಣಿಗೆ ಅವಕಾಶವಿಲ್ಲ" ಎಂದಿರುತ್ತದೆ. ಬಾಡಿಗೆ ಎಷ್ಟೇ ಅಗ್ಗವಾಗಿ ಕಂಡರೂ ಅಂತಹ ಮನೆ ಹೊಸಬರ ಪಾಲಿಗೆ ಮನೆಯೇ ಅಲ್ಲ. ಮನೆಯನ್ನು ಕಣ್ಣಾರೆ ಕಾಣುವ ಮೊದಲೇ ಮುಂಗಡ ಕಳುಹಿಸಿರೆನ್ನುವ ಮೋಸಗಾರರ ಕಾಟವೂ ಇದೆ. 2023ರ ಜುಲೈನಿಂದ ಜಾರಿಯಲ್ಲಿರುವ ಕಾನೂನಿನಂತೆ ಹೊಸ ಒಪ್ಪಂದಗಳಲ್ಲಿ ಠೇವಣಿ ಎರಡು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ ಎಂಬುದನ್ನು ತಿಳಿದಿದ್ದರೆ ಕೆಲವು ಮೋಸಗಳು ತಾವಾಗಿಯೇ ಬಯಲಾಗುತ್ತವೆ.

ಈ ಕಾರಣಗಳಿಂದ ಭಾರತೀಯ ಕುಟುಂಬಗಳು ಬಹುಮಟ್ಟಿಗೆ ಕಾಲುವೆಗಳ ಬದಿಯಲ್ಲಿ ವಾಸಿಸುವುದಿಲ್ಲ. ದಕ್ಷಿಣಕ್ಕಿರುವ ಪಕ್ಕದ ಊರು ಆಮ್‌ಸ್ಟಲ್‌ವೇನ್ ಭಾರತೀಯರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಊರೆಂದು ಹೆಸರಾಗಿದೆ. ದಕ್ಷಿಣ ಮುಂಬಯಿಯಲ್ಲಿ ಕಚೇರಿ, ಡೊಂಬಿವಲಿಯಲ್ಲಿ ಮನೆ ಎಂಬ ಲೆಕ್ಕ ನಮಗೆ ಹೊಸದಲ್ಲವಷ್ಟೆ. ಪ್ರಯಾಣದ ಕಷ್ಟವಂತೂ ಅಲ್ಲಿ ಅಷ್ಟಿಲ್ಲ.

ಹೊರಡುವ ಮೊದಲು ಇಲ್ಲೇ ಮುಗಿಸಬೇಕಾದ ಕೆಲಸವೂ ಇದೆ. ಜನನ ಪ್ರಮಾಣಪತ್ರ, ವಿವಾಹ ಪ್ರಮಾಣಪತ್ರಗಳನ್ನು ಡಚ್ ಕಚೇರಿಗಳು ಹಾಗೆಯೇ ಸ್ವೀಕರಿಸುವುದಿಲ್ಲ. ರಾಜ್ಯ ಸರಕಾರದ ದೃಢೀಕರಣದ ಬಳಿಕ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್ ಮುದ್ರೆ ಬೇಕು. ಈ ಅಂತರರಾಷ್ಟ್ರೀಯ ಒಡಂಬಡಿಕೆ ಭಾರತದ ಮಟ್ಟಿಗೆ 2005ರಿಂದ ಜಾರಿಯಲ್ಲಿದೆ. ಹಳೆಯ ಪ್ರಮಾಣಪತ್ರ ಕನ್ನಡದಲ್ಲೋ ಮರಾಠಿಯಲ್ಲೋ ಇದ್ದರೆ ಅಧಿಕೃತ ಇಂಗ್ಲಿಷ್ ಅನುವಾದವೂ ಅಗತ್ಯ. ಊರಿನ ಪಂಚಾಯತಿಯಲ್ಲಿ ದಾಖಲೆ ಹುಡುಕಿಸಬೇಕಾದವರು ತಿಂಗಳುಗಟ್ಟಲೆ ಮೊದಲೇ ಆರಂಭಿಸುವುದು ಒಳಿತು.

ವೀಸಾ ವಿಷಯಕ್ಕೆ ಬಂದರೆ, ನಮ್ಮವರಲ್ಲಿ ಹೆಚ್ಚಿನವರು ಹೋಗುವುದು "ಉನ್ನತ ಕೌಶಲದ ವಲಸಿಗ" ಎಂಬ ವರ್ಗದಲ್ಲಿ. ಇದಕ್ಕೆ ಉದ್ಯೋಗ ಕೊಡುವ ಸಂಸ್ಥೆ ಡಚ್ ವಲಸೆ ಇಲಾಖೆಯ ಮಾನ್ಯತೆ ಪಡೆದಿರಬೇಕು. ಸಂಬಳ ನಿಗದಿತ ಮಟ್ಟಕ್ಕಿಂತ ಕಡಿಮೆಯಿರಬಾರದು. ಜೊತೆಗೆ ಹೋಗುವ ಪತಿ ಅಥವಾ ಪತ್ನಿಗೆ ಪ್ರತ್ಯೇಕ ಪರವಾನಗಿಯಿಲ್ಲದೆ ಕೆಲಸ ಮಾಡುವ ಸ್ವಾತಂತ್ರ್ಯವುಂಟು. ವಿದೇಶದಿಂದ ಕರೆಸಿಕೊಂಡ ನೌಕರರಿಗೆ, ಷರತ್ತುಗಳಿಗೆ ಒಳಪಟ್ಟು, ಐದು ವರ್ಷಗಳವರೆಗೆ ಸಂಬಳದ ಶೇ. 30ರಷ್ಟು ಭಾಗವನ್ನು ತೆರಿಗೆಯಿಲ್ಲದೆ ಕೊಡಬಹುದಾದ ಸೌಲಭ್ಯವೂ ಇದೆ. 2027ರಿಂದ ಅದು ಶೇ. 27ಕ್ಕೆ ಇಳಿಯಲಿದೆ. ಆದರೆ ವಾಸದ ಪರವಾನಗಿ ಉದ್ಯೋಗಕ್ಕೆ ಕಟ್ಟಿಕೊಂಡಿದೆ. ಕೆಲಸ ಹೋದರೆ ಇನ್ನೊಂದನ್ನು ಹುಡುಕಲು ಸಿಗುವುದು ಕೆಲವೇ ತಿಂಗಳು. ತೆರಿಗೆ ಸೌಲಭ್ಯ ಮುಗಿದ ತಿಂಗಳು ಕೈಗೆ ಬರುವ ಸಂಬಳ ಒಮ್ಮೆಲೇ ಇಳಿಯುತ್ತದೆ. ಮೊದಲ ವರ್ಷದ ಆದಾಯವನ್ನು ಶಾಶ್ವತವೆಂದು ತಿಳಿದು ಇಲ್ಲಿ ಗೃಹಸಾಲ ತೆಗೆಯುವುದು ವಿವೇಕವಲ್ಲ.

ದಿನನಿತ್ಯದ ಬಾಳಿನಲ್ಲಿ ಇನ್ನೊಂದು ತೊಡಕು ಕಣ್ಣಿಗೆ ಬೀಳದೆ ಬೆಳೆಯುತ್ತದೆ. ಪ್ರವಾಸಿಗರಿಗಾಗಿ ಸಜ್ಜಾದ ನಗರದಲ್ಲಿ ಇಂಗ್ಲಿಷಿನಲ್ಲೇ ಎಲ್ಲವೂ ನಡೆಯುತ್ತದೆ. ಡಚ್ ಕಲಿಯುವ ಒತ್ತಡವೇ ಬರುವುದಿಲ್ಲ. ಆದರೆ ಮಗುವಿನ ಶಾಲೆಯ ಪತ್ರ, ತೆರಿಗೆ ಇಲಾಖೆಯ ಲಕೋಟೆ, ನೆರೆಮನೆಯವರ ಹರಟೆ ಎಲ್ಲವೂ ಡಚ್ಚಿನಲ್ಲಿರುತ್ತವೆ. ಐದು ವರ್ಷಗಳ ಬಳಿಕ ಕಾಯಂ ವಾಸಕ್ಕೆ ಅರ್ಜಿ ಹಾಕುವಾಗ ಭಾಷಾಪರೀಕ್ಷೆ ಎದುರಿಗೆ ನಿಂತಿರುತ್ತದೆ. ಪೌರತ್ವದ ಪ್ರಶ್ನೆ ಇನ್ನೂ ದೊಡ್ಡದು. ಭಾರತವು ದ್ವಿಪೌರತ್ವವನ್ನು ಒಪ್ಪದಿರುವುದರಿಂದ, ಡಚ್ ಪೌರತ್ವ ಪಡೆದವರು ಭಾರತೀಯ ಪೌರತ್ವವನ್ನು ಬಿಟ್ಟುಕೊಟ್ಟು ಸಾಗರೋತ್ತರ ಭಾರತೀಯ ನಾಗರಿಕ ಚೀಟಿಯಲ್ಲಿ ತೃಪ್ತಿಪಡಬೇಕಾಗುತ್ತದೆ.

ಆ ದೇಶದಲ್ಲಿ ನಮಗಿಂತ ಮೊದಲೇ ಬಂದ ಭಾರತೀಯ ಮೂಲದವರೂ ಇದ್ದಾರೆ. 1873ರಿಂದ 1916ರವರೆಗೆ ಕಲ್ಕತ್ತೆಯಿಂದ ಡಚ್ ವಸಾಹತಾದ ಸುರಿನಾಮಿಗೆ ಕೂಲಿಗಳಾಗಿ ಒಯ್ಯಲ್ಪಟ್ಟವರ ವಂಶಸ್ಥರು, 1975ರಲ್ಲಿ ಸುರಿನಾಮ್ ಸ್ವತಂತ್ರವಾದ ಸುಮಾರಿಗೆ ದೊಡ್ಡ ಸಂಖ್ಯೆಯಲ್ಲಿ ನೆದರ್ಲೆಂಡ್ಸಿಗೆ ಬಂದರು. ಅವರ ರೊಟ್ಟಿ ಅಂಗಡಿಗಳು ಇಂದು ಅಲ್ಲಿನ ಊಟದ ಭಾಗವಾಗಿವೆ. ಅವರು ಡಚ್ ಭಾಷೆಯಲ್ಲೇ ಬದುಕು ಕಟ್ಟಿಕೊಂಡೂ ಹಬ್ಬಗಳನ್ನು ಬಿಟ್ಟಿಲ್ಲ.

ಮುಂಬಯಿಗೆ ಬಂದ ನಮ್ಮ ಹಿರಿಯರು ಹಗಲು ಹೋಟೆಲುಗಳಲ್ಲಿ ದುಡಿದು, ರಾತ್ರಿ ಶಾಲೆಗಳಲ್ಲಿ ಓದಿ, ಮರಾಠಿ ಕಲಿತು, ನಂತರವೇ ಈ ನಗರವನ್ನು ತಮ್ಮದೆಂದರು. ಸಂಘಗಳನ್ನು ಕಟ್ಟಿದ್ದೂ ಹಾಗೆಯೇ. ಇಂದು ಹೊರಡುವ ನಮ್ಮ ಮಕ್ಕಳಿಗೆ ಅನುಕೂಲಗಳು ಹೆಚ್ಚು. ಆದರೆ ನೆಲೆ ಕಂಡುಕೊಳ್ಳುವ ಕೆಲಸ ಅವರದ್ದೇ. ಆದ್ದರಿಂದ ಸಂಬಳದ ಅಂಕಿಯೊಡನೆ ಈ ಪ್ರಶ್ನೆಗಳನ್ನೂ ಕೇಳಿಕೊಳ್ಳಲಿ: ಮೊದಲ ತಿಂಗಳುಗಳ ವಸತಿಯನ್ನು ಸಂಸ್ಥೆ ಒದಗಿಸುವುದೇ? ಆ ವಿಳಾಸದಲ್ಲಿ ನೋಂದಣಿ ಸಾಧ್ಯವೇ? ಬಾಡಿಗೆ, ವಿಮೆ ಕಳೆದು ಉಳಿಯುವುದೆಷ್ಟು? ಸಂಗಾತಿಯ ಉದ್ಯೋಗದ ಗತಿಯೇನು? ಇವಕ್ಕೆ ಸ್ಪಷ್ಟ ಉತ್ತರ ದೊರೆತ ಮೇಲೆ ಹೊರಡಲಿ. ಹೋದ ಮೊದಲ ತಿಂಗಳಿನಿಂದಲೇ ಡಚ್ ತರಗತಿಗೂ ಸೇರಲಿ ಎಂಬುದು ನಮ್ಮ ಹಾರೈಕೆ.