ನೀರಿನೊಳಗೆ ಸ್ಕೂಟರ್ ಸವಾರಿ

ಸ್ಕೂಟರೆಂದೊಡನೆ ನಮ್ಮ ಕಾಲೇಜಿನ ಗೇಟಿನ ಬಳಿ ಮರದ ನೆರಳಿಗಾಗಿ ಜಗಳವಾಡುವ ಎರಡು ಚಕ್ರದ ವಾಹನಗಳೇ ವಾಚಕರ ಕಣ್ಣ ಮುಂದೆ ಬರುವುದು ಸಹಜ. ನಾನು ಹೇಳಹೊರಟಿರುವ ಸ್ಕೂಟರಿಗೆ ಚಕ್ರವೂ ಇಲ್ಲ, ಕುಳಿತುಕೊಳ್ಳಲು ಪೀಠವೂ ಇಲ್ಲ. ಅದೊಂದು ಉದ್ದನೆಯ ಡಬ್ಬಿ. ಒಳಗೆ ಬ್ಯಾಟರಿ, ಮೋಟಾರು; ಹಿಂಬದಿಯಲ್ಲಿ ಬಳೆಯೊಂದರ ನಡುವೆ ತಿರುಗುವ ಪ್ರೊಪೆಲ್ಲರು; ಹಿಡಿಯಲ್ಲಿ ಬಂದೂಕಿನ ಕುದುರೆಯಂತಹ ಒಂದು ಕೀಲು. ಕೀಲನ್ನೊತ್ತಿದರೆ ಓಡುವುದು, ಬಿಟ್ಟರೆ ನಿಲ್ಲುವುದು. ದಡದಲ್ಲಿ ಎತ್ತಿದರೆ ತೋಳು ನೋಯುವಷ್ಟು ಭಾರವಾದ ಈ ಯಂತ್ರ ನೀರಿಗಿಳಿದ ಮೇಲೆ ತೇಲದೆ, ಮುಳುಗದೆ ಬಿಟ್ಟಲ್ಲೇ ನಿಲ್ಲುತ್ತದೆ. ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಮುಳುಗುವವರನ್ನು ಇದು ಮುಂದಕ್ಕೆಳೆದುಕೊಂಡು ಹೋಗುತ್ತದೆ.

ಇದರ ಪೂರ್ವಜರು ಯುದ್ಧದ ಸಂತಾನ. 1941ರ ಡಿಸೆಂಬರ್ ತಿಂಗಳ ಒಂದು ರಾತ್ರಿ ಇಟಲಿಯ ನೌಕಾಪಡೆಯ ಆರು ಮಂದಿ, ಇಬ್ಬಿಬ್ಬರಂತೆ ಮೂರು ‘ಮಾನವ ಟಾರ್ಪಿಡೊ’ಗಳನ್ನೇರಿ ಅಲೆಕ್ಸಾಂಡ್ರಿಯಾ ಬಂದರನ್ನು ಹೊಕ್ಕರು, ‘ಕ್ವೀನ್ ಎಲಿಜಬೆತ್’, ‘ವೇಲಿಯಂಟ್’ ಎಂಬ ಎರಡು ಬ್ರಿಟಿಷ್ ಯುದ್ಧನೌಕೆಗಳನ್ನು ನಿರುಪಯೋಗಿಯಾಗಿಸಿದರು. ಹೇಳಿದ ಮಾತು ಕೇಳದ ಆ ವಾಹನಕ್ಕೆ ಸವಾರರೇ ಇಟ್ಟ ಅಡ್ಡಹೆಸರು ‘ಹಂದಿ’! ಫ್ರಾನ್ಸಿನ ಕೂಸ್ಟೊ ಮತ್ತು ಗಾನ್ಯಾನ್ ಎಂಬವರು 1943ರಲ್ಲಿ ಬೇಕಾದಷ್ಟೇ ಗಾಳಿಯನ್ನು ಬೇಕಾದಾಗ ಕೊಡುವ ಉಸಿರಾಟದ ಉಪಕರಣವನ್ನು ಸಿದ್ಧಪಡಿಸಿದ ಮೇಲೆ ಸಾಮಾನ್ಯರಿಗೂ ಸಮುದ್ರದ ಬಾಗಿಲು ತೆರೆಯಿತು. ಸೈನಿಕರ ವಾಹನ ವಿಹಾರದ ವಾಹನವಾದುದು ಅನಂತರದ ಮಾತು.

ನನ್ನ ಸೋದರಮಾವ ಅಂಡಮಾನಿನಲ್ಲಿ ಮುಳುಗುವಿಕೆಯ ಶಿಕ್ಷಣ ಕೊಡುವವರು. ಎರಡು ವರ್ಷಗಳ ಹಿಂದೆ ಅವರಲ್ಲಿ ಸಿಲಿಂಡರು ಕಟ್ಟಿ ಮುಳುಗುವುದನ್ನು ಕಲಿತಿದ್ದ ನನಗೆ, ಕಳೆದ ರಜೆಯಲ್ಲಿ ಸ್ಕೂಟರನ್ನೂ ಕಲಿಯುವ ಯೋಗ ಬಂತು. ಮೊದಲ ದಿನ ಯಂತ್ರವನ್ನು ಮುಟ್ಟಗೊಡಲಿಲ್ಲ. ಕಾಗದ, ಪೆನ್ಸಿಲು ಮುಂದಿಟ್ಟು, “ಹೋಗುವುದನ್ನು ಸ್ಕೂಟರು ನೋಡಿಕೊಳ್ಳುತ್ತದೆ ಮಾರಾಯ, ಬರುವುದರ ಲೆಕ್ಕ ಹೇಳು” ಎಂದರು. ಇತಿಹಾಸದ ವಿದ್ಯಾರ್ಥಿಗೆ ಲೆಕ್ಕದ ಶಿಕ್ಷೆಯೇ ಎಂದು ನಗಬಹುದು. ಆದರೆ ಈ ಇಡೀ ವಿದ್ಯೆಯ ಜೀವಾಳ ಆ ಲೆಕ್ಕದಲ್ಲಿದೆಯೆಂದು ನನ್ನ ನಂಬಿಕೆ. ಆದುದರಿಂದ ಅದನ್ನು ಇಲ್ಲಿ ಪೂರ್ತಿಯಾಗಿ ಕೊಡುತ್ತೇನೆ.

ಕಾಲಿಗೆ ರಬ್ಬರಿನ ರೆಕ್ಕೆ ತೊಟ್ಟವನು ಆಯಾಸವಿಲ್ಲದೆ ನಿಮಿಷಕ್ಕೆ ಸುಮಾರು 15 ಮೀಟರು ಈಜಬಲ್ಲನು. ಒಳ್ಳೆಯ ಸ್ಕೂಟರು ಅವನನ್ನು ಸುಮಾರು 45 ಮೀಟರು ಒಯ್ಯುತ್ತದೆ. ಅಂದರೆ ಹತ್ತು ನಿಮಿಷದಲ್ಲಿ 450 ಮೀಟರು ಹೋದೆವು. ಅಲ್ಲಿ ಯಂತ್ರ ಕೆಟ್ಟಿತು. ಈಜಿ ಬರಲು ಮೂವತ್ತು ನಿಮಿಷ ಬೇಕು. ಇನ್ನು ಗಾಳಿ. ನೆಲದ ಮೇಲೆ ನಿಮಿಷಕ್ಕೆ 20 ಲೀಟರು ಗಾಳಿ ಸೇವಿಸುವವನು 20 ಮೀಟರು ಆಳದಲ್ಲಿ 60 ಲೀಟರು ಸೇವಿಸುತ್ತಾನೆ; ಅಲ್ಲಿನ ಒತ್ತಡ ಮೇಲಿನದರ ಮೂರರಷ್ಟು. 12 ಲೀಟರಿನ ಸಿಲಿಂಡರಿನಲ್ಲಿ 200 ಬಾರ್ ಒತ್ತಡಕ್ಕೆ ತುಂಬಿದ ಗಾಳಿ 2,400 ಲೀಟರು. ಹೋಗುವಾಗ 600, ಬರುವಾಗ 1,800. ಸರಿಯಾಗಿ ಸೊನ್ನೆ! ಮೇಲೇರಲು ಒಂದು ಉಸಿರೂ ಉಳಿಯಲಿಲ್ಲ.

ಆದಕಾರಣ 50 ಬಾರ್, ಅಂದರೆ 600 ಲೀಟರನ್ನು, ಆಪತ್ತಿಗೆಂದು ಮೊದಲೇ ತೆಗೆದಿಡಬೇಕು. ಉಳಿದುದರಲ್ಲಿ ಒಂದು ಪಾಲು ಹೋಗಲು, ಮೂರು ಪಾಲು ಈಜಿ ಬರಲು. ಹೀಗೆ ಹಂಚಿದರೆ ಏಳು ನಿಮಿಷಕ್ಕೆಲ್ಲ, ಮಾಪಕದ ಮುಳ್ಳು 200ರಿಂದ 165ಕ್ಕೆ ಬಂದೊಡನೆ, ಹಿಂದಿರುಗಬೇಕಾಗುತ್ತದೆ. ಸಿಲಿಂಡರು ಇನ್ನೂ ತುಂಬಿದಂತೆಯೇ ಇರುವಾಗ ಹಿಂದಿರುಗಲು ಮನಸ್ಸು ಒಪ್ಪದು. ನೀರಿನ ಗುಹೆಗಳನ್ನು ಹೊಗುವವರು ಗಾಳಿಯ ಮೂರನೆಯ ಒಂದು ಪಾಲು ಮುಗಿದಾಗ ತಿರುಗುತ್ತಾರೆಂಬ ನಿಯಮ ಪ್ರಸಿದ್ಧವಾಗಿದೆ. ಆದರೆ ಸ್ಕೂಟರು ಕೆಟ್ಟವನಿಗೆ ಆ ನಿಯಮವೂ ಸಾಲದೆಂಬುದನ್ನು ಮೇಲಿನ ಲೆಕ್ಕವೇ ತೋರಿಸುತ್ತದೆ. ತೆರೆದ ಸಮುದ್ರದಲ್ಲಿ ಮೇಲೇರಿಬಿಡಬಹುದಲ್ಲ ಎಂದರೆ, ಏರಬಹುದು. ಆದರೆ ದೋಣಿ ಅರ್ಧ ಕಿಲೋಮೀಟರು ದೂರದಲ್ಲಿದ್ದು ಸೆಳವು ಎದುರಾಗಿದ್ದರೆ, ಅಲೆಗಳ ನಡುವಿನ ಒಂದು ತಲೆ ದೋಣಿಯವನಿಗೆ ಕಾಣುವುದು ದುರ್ಲಭ.

ಮರುದಿನ ಮಾವ ಈ ಲೆಕ್ಕವನ್ನು ನೀರಿನಲ್ಲಿ ಮಾಡಿಸಿದರು. ಎರಡು ನಿಮಿಷ ಸವಾರಿ ಮಾಡಿಸಿ, ಮೋಟಾರು ನಿಲ್ಲಿಸೆಂದು ಸನ್ನೆ ಮಾಡಿ, ಆ ಯಂತ್ರವನ್ನು ಎಳೆದುಕೊಂಡೇ ಈಜಿ ಬರಲು ಹೇಳಿದರು. ಎರಡು ನಿಮಿಷದ ದಾರಿಗೆ ಏಳು ನಿಮಿಷ ಹಿಡಿಯಿತು. ಕೆಟ್ಟ ಸ್ಕೂಟರು ತಾನೇ ಒಂದು ಹೊರೆ.

ದೂರಕ್ಕಿಂತಲೂ ಆಳವು ಹೆಚ್ಚು ಅಪಾಯಕರ. ಮೊದಲ ಹತ್ತು ಮೀಟರಿನೊಳಗೆ ಒತ್ತಡ ಇಮ್ಮಡಿಯಾಗುತ್ತದೆ. ಮೂಗು ಹಿಡಿದು ಗಾಳಿ ಊದಿ ಕಿವಿಯ ಒಳಗಿನ ಒತ್ತಡವನ್ನು ಸರಿಮಾಡಿಕೊಳ್ಳಬೇಕು. ಸ್ಕೂಟರನ್ನು ತಲೆಕೆಳಗಾಗಿ ಓಡಿಸಿದರೆ ಅದಕ್ಕೆ ವ್ಯವಧಾನವೆಲ್ಲಿ? ಕಿವಿಯ ತಮಟೆ ಹರಿದೀತು. ಏರುವಾಗಿನ ಕೇಡು ಇದಕ್ಕಿಂತ ದೊಡ್ಡದು. ನಿಮಿಷಕ್ಕೆ 9 ಮೀಟರಿಗಿಂತ ಬೇಗ ಏರಬಾರದು, 5 ಮೀಟರಿನಲ್ಲಿ ಮೂರು ನಿಮಿಷ ತಂಗಬೇಕು ಎಂದು ನಮಗೆ ಕಲಿಸಿದ್ದರು. ಸ್ಕೂಟರಿನ ಮೂತಿಯನ್ನು ಮೇಲಕ್ಕೆತ್ತಿದರೆ 20 ಮೀಟರಿನಿಂದ ಅರ್ಧ ನಿಮಿಷದೊಳಗೆ ಮೇಲಿರುತ್ತೇವೆ. ಸೋಡಾಬಾಟಲಿಯ ಮುಚ್ಚಳ ತೆಗೆದಾಗ ಗುಳ್ಳೆಗಳೇಳುವಂತೆ ರಕ್ತದಲ್ಲಿ ಕರಗಿದ್ದ ನೈಟ್ರೊಜನ್ ಗುಳ್ಳೆಗಟ್ಟುತ್ತದೆ. ಉಸಿರು ಬಿಗಿಹಿಡಿದಿದ್ದರಂತೂ ಹಿಗ್ಗುವ ಗಾಳಿಗೆ ಶ್ವಾಸಕೋಶವೇ ಬಿರಿಯಬಹುದು. ಆದುದರಿಂದ ಏರುವಾಗ ಕೀಲಿನಿಂದ ಬೆರಳು ತೆಗೆದು, ಕಾಲಿನಿಂದಲೇ ನಿಧಾನವಾಗಿ ಏರಬೇಕು.

ಇನ್ನೊಂದು ಮೋಸವುಂಟು. ಮೈಯ ತೂಕ ನೀರಿಗೆ ತಕ್ಕಂತೆ ಹೊಂದದಿದ್ದರೂ ಓಡುತ್ತಿರುವವರೆಗೆ ಗೊತ್ತಾಗುವುದಿಲ್ಲ. ಸೈಕಲ್ಲಿನಂತೆ ವೇಗವೇ ನಮ್ಮನ್ನು ಎತ್ತಿಹಿಡಿದಿರುತ್ತದೆ. ನಿಂತೊಡನೆ ಮುಳುಗತೊಡಗುತ್ತೇವೆ. ನಡುನಡುವೆ ಕೀಲು ಬಿಟ್ಟು, ಅಲುಗದೆ ನಿಲ್ಲುತ್ತೇವೆಯೇ ಎಂದು ನೋಡಿಕೊಳ್ಳುವುದೇ ಇದಕ್ಕೆ ಮದ್ದು.

ಸವಾರಿಯ ಕೌಶಲ ಎಣಿಸಿದಷ್ಟು ಕಷ್ಟವಲ್ಲ. ಸ್ಕೂಟರಿನ ಹಗ್ಗವನ್ನು ಸೊಂಟದ ಪಟ್ಟಿಯ ಉಂಗುರಕ್ಕೆ ಸಿಕ್ಕಿಸಿದರೆ ಎಳೆತವೆಲ್ಲ ಮೈಮೇಲೆ ಬಿದ್ದು ತೋಳು ದಣಿಯದು. ಉದ್ದ ಕೂದಲು, ಜೋಲುವ ಪಟ್ಟಿ ಪ್ರೊಪೆಲ್ಲರಿಗೆ ಸಿಕ್ಕದಂತೆ ಕಟ್ಟಿಕೊಳ್ಳಬೇಕು. ಜೊತೆಗಾರರು ಹಿಂದೆ ಮುಂದೆ ಹೋಗದೆ ಅಕ್ಕಪಕ್ಕದಲ್ಲಿ ಹೋಗಬೇಕು, ನಿಧಾನದ ಯಂತ್ರವೇ ಇಬ್ಬರ ವೇಗವನ್ನೂ ನಿರ್ಣಯಿಸಬೇಕು. ಹಿಂದೆ ಬಿದ್ದವನ ಕೂಗು ನೀರಿನಲ್ಲಿ ಯಾರಿಗೆ ಕೇಳೀತು? ಒಬ್ಬನ ಸ್ಕೂಟರು ಕೆಟ್ಟರೆ ಇನ್ನೊಬ್ಬನು ಅವನನ್ನು ಎಳೆದು ತರುವ ಅಭ್ಯಾಸವನ್ನು ನಾಲ್ಕು ಸಲ ಮಾಡಿಸಿದರು.

ಇದನ್ನೆಲ್ಲ ಬರೆಯಲು ಕಾರಣವಿದೆ. ನಮ್ಮ ಗೆಳೆಯರಲ್ಲಿ ಕೆಲವರು ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ನೀರಿಗಿಳಿದು ಬಂದಿದ್ದಾರೆ. ಅಲ್ಲಿ ಹೊಸಬರನ್ನು ಶಿಕ್ಷಕರೇ ಹಿಡಿದುಕೊಂಡು ಒಳಗೆ ತೋರಿಸಿ ತರುತ್ತಾರೆ. ಅದು ಸೊಗಸಾದ ಅನುಭವವೇ ಸರಿ. ಅಷ್ಟರಿಂದಲೇ “ಇನ್ನು ಸ್ಕೂಟರು ಬಾಡಿಗೆಗೆ ಸಿಕ್ಕರೆ ಸಾಕು” ಎನ್ನುವವರೂ ನಮ್ಮ ಹಾಸ್ಟೆಲಿನಲ್ಲಿದ್ದಾರೆ. ಅವರು ಮೊದಲು ಕ್ರಮವಾಗಿ ಮುಳುಗಲು ಕಲಿಯಲಿ, ಯಂತ್ರವಿಲ್ಲದೆ ಇಪ್ಪತ್ತು ಮೂವತ್ತು ಸಲವಾದರೂ ಇಳಿದು ಬರಲಿ. ಆಮೇಲೆ ಆಳವಿಲ್ಲದ, ಸೆಳವಿಲ್ಲದ ಕಡೆ ಬಲ್ಲವರೊಬ್ಬರನ್ನು ಪಕ್ಕದಲ್ಲಿಟ್ಟುಕೊಂಡು ಕೀಲನ್ನೊತ್ತಲಿ. ನೀರಿಗಿಳಿಯುವ ಮುನ್ನ ಮುಚ್ಚಳದ ರಬ್ಬರು ಉಂಗುರದಲ್ಲಿ ಒಂದು ಮರಳಿನ ಕಣವಾದರೂ ಇದೆಯೇ ಎಂದು ಬೆರಳಾಡಿಸಿ ನೋಡಲಿ. ಆ ಒಂದು ಕಣದ ಸಂದಿಯಿಂದಲೇ ಉಪ್ಪುನೀರು ಬ್ಯಾಟರಿಗೆ ನುಗ್ಗುತ್ತದೆ.