ಒಂದು ಎಕರೆ ಹಿಪ್ಪುನೇರಳೆ: ಲಾಭವೆಷ್ಟು, ಕೂಲಿಯೆಷ್ಟು?

ಅಕೌಂಟೆನ್ಸಿಯಲ್ಲಿ ನಾವು ಕಲಿತ ಮೊದಲ ಪಾಠಗಳಲ್ಲಿ ಒಂದು: ವ್ಯಾಪಾರ ಬೇರೆ, ಮಾಲೀಕ ಬೇರೆ. ಮಾಲೀಕ ಅಂಗಡಿಯ ಗಲ್ಲಾದಿಂದ ಮನೆಖರ್ಚಿಗೆ ಹಣ ತೆಗೆದರೆ ಅದನ್ನು ‘ಡ್ರಾಯಿಂಗ್ಸ್’ ಎಂದು ಬರೆಯಬೇಕು. ಆದರೆ ಸಣ್ಣ ರೈತನ ಮನೆಯಲ್ಲಿ ಈ ಗೆರೆ ಎಳೆಯುವುದು ಕಷ್ಟ. ಹೊಲ, ಕೊಟ್ಟಿಗೆ, ಅಡುಗೆಮನೆ ಎಲ್ಲಕ್ಕೂ ಒಂದೇ ಜೇಬು. ಆದ್ದರಿಂದ ‘ಬೇಸಾಯದಲ್ಲಿ ಲಾಭ ಇದೆಯೇ?’ ಎಂದು ಕೇಳಿದರೆ ಒಬ್ಬರು ಇದೆ ಎನ್ನುತ್ತಾರೆ, ಇನ್ನೊಬ್ಬರು ಇಲ್ಲ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ, ಅವರು ಲೆಕ್ಕ ಹಾಕುವ ರೀತಿ ಬೇರೆ ಬೇರೆ. ನಮ್ಮ ಸುತ್ತಮುತ್ತಲಿನ ರೇಷ್ಮೆ ಬೆಳೆಯನ್ನು ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ಅರ್ಥ ಮಾಡಿಕೊಳ್ಳೋಣ.

ಸಣ್ಣ ರೈತ ಎಂದರೆ ಯಾರು?

ಸರ್ಕಾರದ ಲೆಕ್ಕದಲ್ಲಿ 1 ಹೆಕ್ಟೇರ್‌ಗಿಂತ, ಅಂದರೆ ಸುಮಾರು ಎರಡೂವರೆ ಎಕರೆಗಿಂತ ಕಡಿಮೆ ಜಮೀನು ಇರುವವರು ಅತಿಸಣ್ಣ ರೈತರು. 1ರಿಂದ 2 ಹೆಕ್ಟೇರ್ ಇರುವವರು ಸಣ್ಣ ರೈತರು. 2015-16ರ ಕೃಷಿ ಗಣತಿಯ ಪ್ರಕಾರ ಭಾರತದ ಒಟ್ಟು ಹಿಡುವಳಿಗಳಲ್ಲಿ ಶೇ. 86ರಷ್ಟು ಈ ಎರಡು ಗುಂಪಿಗೇ ಸೇರಿವೆ.

ಇವರು ಬೆಳೆಯಿಂದಲೇ ಬದುಕುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ 2018-19ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಬೇರೆಯೇ ಹೇಳುತ್ತದೆ. ಆಗ ಒಂದು ಕೃಷಿ ಕುಟುಂಬದ ಸರಾಸರಿ ತಿಂಗಳ ಆದಾಯ 10,218 ರೂಪಾಯಿ. ಅದರಲ್ಲಿ ಕೂಲಿ ಮತ್ತು ಸಂಬಳದಿಂದ ಬಂದದ್ದು 4,063, ಬೆಳೆಯಿಂದ 3,798, ದನಕರು ಮುಂತಾದವುಗಳಿಂದ 1,582 ರೂಪಾಯಿ. ಉಳಿದದ್ದು ಸಣ್ಣ ವ್ಯಾಪಾರ ಮತ್ತು ಗೇಣಿಯಿಂದ. ಅಂದರೆ ‘ಕೃಷಿ ಕುಟುಂಬ’ ಎಂದು ಕರೆಸಿಕೊಳ್ಳುವ ಮನೆಯಲ್ಲೂ ಬೆಳೆಗಿಂತ ಕೂಲಿಯ ಪಾಲೇ ದೊಡ್ಡದು.

ಹಾಗಾದರೆ ರೇಷ್ಮೆ ಏಕೆ?

ರಾಮನಗರ, ಶಿಡ್ಲಘಟ್ಟ, ಕೋಲಾರದ ಕಡೆ ಒಂದು ಎಕರೆ ನೀರಾವರಿ ಜಮೀನು ಇದ್ದವರು ಹಿಪ್ಪುನೇರಳೆ ಹಾಕಿರುವುದನ್ನು ನೋಡುತ್ತೇವೆ. ಇದಕ್ಕೆ ಮುಖ್ಯ ಕಾರಣ ಹಣ ಕೈಗೆ ಬರುವ ಕಾಲ. ಮಳೆಗಾಲದಲ್ಲಿ ಬಿತ್ತಿದ ರಾಗಿ ನವೆಂಬರ್-ಡಿಸೆಂಬರ್‌ನಲ್ಲಿ ಕೊಯ್ಲಿಗೆ ಬರುತ್ತದೆ, ವರ್ಷಕ್ಕೆ ಒಂದೇ ಸಲ. ರೇಷ್ಮೆ ಹುಳು ಮೊಟ್ಟೆಯೊಡೆದು ಗೂಡು ಕಟ್ಟಲು ಒಂದು ತಿಂಗಳೂ ಬೇಕಿಲ್ಲ. ನೀರಿದ್ದರೆ ವರ್ಷಕ್ಕೆ ಐದು ಬೆಳೆ ತೆಗೆಯಬಹುದು.

ಶಾಲೆಯ ಫೀಸು, ಆಸ್ಪತ್ರೆ ಖರ್ಚು, ಸಂಘದ ಸಾಲದ ಕಂತು ಯಾವುದೂ ರಾಗಿ ಕೊಯ್ಲಿಗಾಗಿ ಕಾಯುವುದಿಲ್ಲ. ಆದ್ದರಿಂದ ಅನೇಕ ಮನೆಗಳಲ್ಲಿ ಊಟಕ್ಕೆ ರಾಗಿ, ವಾರದ ಖರ್ಚಿಗೆ ಹಸುವಿನ ಹಾಲು, ದೊಡ್ಡ ಖರ್ಚಿಗೆ ರೇಷ್ಮೆ ಗೂಡು ಮತ್ತು ಮನೆಯ ಒಬ್ಬರಿಗೆ ಪೇಟೆಯಲ್ಲಿ ಕೆಲಸ, ಹೀಗೆ ಹಂಚಿಕೊಂಡಿರುತ್ತಾರೆ. ಒಂದು ಕೈಕೊಟ್ಟರೆ ಇನ್ನೊಂದು ಹಿಡಿಯುತ್ತದೆ. ಷೇರು ಮಾರುಕಟ್ಟೆಯವರು ಹಣವನ್ನು ಒಂದೇ ಕಡೆ ಹಾಕಬೇಡಿ ಎನ್ನುತ್ತಾರಲ್ಲ, ರೈತ ಕುಟುಂಬಗಳು ಅದನ್ನು ಯಾರೂ ಹೇಳಿಕೊಡದೆ ಮಾಡುತ್ತಿವೆ.

ಒಂದು ಬೆಳೆಯ ಲೆಕ್ಕ

ಈಗ ಒಂದು ಲೆಕ್ಕ ಮಾಡೋಣ. ಇಲ್ಲಿರುವ ಅಂಕಿಗಳು ತಿಳಿದುಕೊಳ್ಳಲು ಊಹಿಸಿಕೊಂಡವು, ಯಾವುದೇ ಒಂದು ಮನೆಯವಲ್ಲ. ಒಬ್ಬ ರೈತ 150 ಮೊಟ್ಟೆಯ ಚಾಕಿ ಹುಳು ತಂದರು ಎಂದುಕೊಳ್ಳಿ. (ರೇಷ್ಮೆಯಲ್ಲಿ ‘ಒಂದು ಮೊಟ್ಟೆ’ ಎಂದರೆ ಒಂದು ಚಿಟ್ಟೆ ಇಟ್ಟ ಎಲ್ಲ ಮೊಟ್ಟೆಗಳು, ನಾನೂರಕ್ಕೂ ಹೆಚ್ಚು.) ಬೆಳೆ ಚೆನ್ನಾಗಿ ಬಂದು 100 ಕೆ.ಜಿ. ಗೂಡಾಯಿತು. ಕೆ.ಜಿ.ಗೆ 400 ರೂಪಾಯಿ ಸಿಕ್ಕಿತು.

ಗೂಡು ಮಾರಿದ ಹಣ: 40,000
ಚಾಕಿ ಹುಳು: 6,000
ಗೊಬ್ಬರ: 5,000
ಸೋಂಕು ನಿವಾರಕ, ಸುಣ್ಣ ಇತ್ಯಾದಿ: 2,000
ಹೊರಗಿನ ಕೂಲಿಯವರಿಗೆ: 5,000
ಸಾಗಾಣಿಕೆ, ಇತರೆ: 2,000
ಒಟ್ಟು ಖರ್ಚು: 20,000
ಕೈಯಲ್ಲಿ ಉಳಿದದ್ದು: 20,000

ನೋಡಲು ನೂರಕ್ಕೆ ನೂರು ಲಾಭ! ಆದರೆ ಗಂಡ ಹೆಂಡತಿ ಇಬ್ಬರೂ 25 ದಿನ ಸೊಪ್ಪು ಕೊಯ್ದು, ಹುಳುಗಳಿಗೆ ಹಾಕಿ, ಹಿಕ್ಕೆ ತೆಗೆದು ದುಡಿದಿದ್ದಾರೆ. ಅದೇ ಕೆಲಸಕ್ಕೆ ಬೇರೆಯವರ ಮನೆಗೆ ಹೋಗಿದ್ದರೆ ದಿನಕ್ಕೆ 350 ರೂಪಾಯಿಯಂತೆ 17,500 ಸಿಗುತ್ತಿತ್ತು. ಇದೇ ನಮ್ಮ ಎಕನಾಮಿಕ್ಸ್ ಪುಸ್ತಕದ ‘ಅವಕಾಶ ವೆಚ್ಚ’. ಅದನ್ನೂ ಕಳೆದರೆ ನಿಜವಾದ ಲಾಭ 2,500 ಮಾತ್ರ. ಅದರಲ್ಲಿ ಜಮೀನಿನ ಗೇಣಿ, ಹುಳು ಮನೆಯ ಸವಕಳಿ, ಬೋರ್‌ವೆಲ್‌ಗೆ ಹಾಕಿದ ಹಣದ ಬಡ್ಡಿ ಇನ್ನೂ ಸೇರಿಲ್ಲ.

ಬೆಂಬಲ ಬೆಲೆಯ ಚರ್ಚೆಯಲ್ಲಿ ಕೇಳಿಬರುವ ಎ2, ಎಫ್‌ಎಲ್, ಸಿ2 ಎಂಬ ಅಕ್ಷರಗಳ ಅರ್ಥವೂ ಇದೇ. ಕೈಯಿಂದ ಹೋದ ಖರ್ಚು ಎ2. ಅದಕ್ಕೆ ಮನೆಯವರ ದುಡಿಮೆಯ ಬೆಲೆ ಸೇರಿಸಿದರೆ ಎ2+ಎಫ್‌ಎಲ್. ಸ್ವಂತ ಜಮೀನಿನ ಗೇಣಿ ಮತ್ತು ಬಂಡವಾಳದ ಬಡ್ಡಿಯನ್ನೂ ಸೇರಿಸಿದರೆ ಸಿ2. ಯಾವ ಖರ್ಚಿನ ಮೇಲೆ ಒಂದೂವರೆ ಪಟ್ಟು ಕೊಡಬೇಕು ಎಂಬುದೇ ಸರ್ಕಾರ ಮತ್ತು ರೈತ ಸಂಘಟನೆಗಳ ನಡುವಿನ ಜಗಳ. ಸರ್ಕಾರ ಎ2+ಎಫ್‌ಎಲ್ ಮೇಲೆ ಲೆಕ್ಕ ಹಾಕುತ್ತದೆ, ರೈತರು ಸಿ2 ಕೇಳುತ್ತಾರೆ. ರೇಷ್ಮೆ ಗೂಡು ಮಾತ್ರ ಕೇಂದ್ರದ ಆ ಬೆಂಬಲ ಬೆಲೆಯ ಪಟ್ಟಿಯಲ್ಲೇ ಇಲ್ಲ.

ನಷ್ಟವಾದರೂ ಬಿಡುವುದಿಲ್ಲ ಏಕೆ?

ಅದೇ ಗೂಡಿಗೆ 350 ರೂಪಾಯಿ ಮಾತ್ರ ಸಿಕ್ಕಿದರೆ? ಕೈಯಲ್ಲಿ 15,000 ಉಳಿಯುತ್ತದೆ. ಮನೆಯವರ ಕೂಲಿ ಲೆಕ್ಕ ಹಾಕಿದರೆ 2,500 ನಷ್ಟ. ಒಂದು ಫ್ಯಾಕ್ಟರಿ ಹೀಗೇ ನಷ್ಟದಲ್ಲಿ ನಡೆದರೆ ಕೆಲಸಗಾರರನ್ನು ತೆಗೆಯುತ್ತದೆ ಅಥವಾ ಬಾಗಿಲು ಮುಚ್ಚುತ್ತದೆ. ರೈತ ತನ್ನ ಹೆಂಡತಿಯನ್ನಾಗಲಿ ತಾಯಿಯನ್ನಾಗಲಿ ಕೆಲಸದಿಂದ ತೆಗೆಯಲು ಆಗುವುದಿಲ್ಲ. ಎಲ್ಲರೂ ಸ್ವಲ್ಪ ಹೆಚ್ಚು ದುಡಿಯುತ್ತಾರೆ, ಸ್ವಲ್ಪ ಕಡಿಮೆ ಖರ್ಚು ಮಾಡುತ್ತಾರೆ, ಅಷ್ಟೇ. ರಷ್ಯಾದ ಅರ್ಥಶಾಸ್ತ್ರಜ್ಞ ಅಲೆಕ್ಸಾಂಡರ್ ಚಯಾನೊವ್ 1925ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಇದನ್ನೇ ವಿವರಿಸಿದ್ದರು. ರೈತ ಕುಟುಂಬ ಕಂಪನಿಯಂತೆ ಲಾಭ ನೋಡಿ ನಿಲ್ಲುವುದಿಲ್ಲ, ಮನೆಯವರ ಹೊಟ್ಟೆ ತುಂಬುವವರೆಗೆ ದುಡಿಯುತ್ತದೆ ಎಂಬುದು ಅವರ ವಾದದ ಸಾರ. ಬೆಲೆ ಬಿದ್ದಾಗಲೂ ಮಾರುಕಟ್ಟೆಗೆ ಗೂಡು ಬರುತ್ತಲೇ ಇರುವುದಕ್ಕೆ ಇದು ಒಂದು ಕಾರಣ.

ಇನ್ನೊಂದು ಕಾರಣ ಗೂಡಿನ ಗುಣ. ಗೂಡನ್ನು ಹಾಗೇ ಇಟ್ಟರೆ ದಿನದಿನಕ್ಕೂ ತೂಕ ಕಡಿಮೆಯಾಗುತ್ತದೆ. ಹೆಚ್ಚು ದಿನ ಬಿಟ್ಟರೆ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ, ಆಮೇಲೆ ಅದರಿಂದ ಒಂದೇ ಎಳೆಯಾಗಿ ನೂಲು ಬಿಚ್ಚಲು ಆಗುವುದಿಲ್ಲ. ‘ಈ ವಾರ ಬೆಲೆ ಚೆನ್ನಾಗಿಲ್ಲ, ಮುಂದಿನ ತಿಂಗಳು ಮಾರುತ್ತೇನೆ’ ಎಂದು ಹೇಳುವ ಅನುಕೂಲ ರೈತನಿಗಿಲ್ಲ. ಇಂಥ ಸ್ಥಿತಿಯಲ್ಲಿ ದಲ್ಲಾಳಿಗಳಿಂದ ಮೋಸ ಆಗಬಾರದೆಂದೇ ಕರ್ನಾಟಕದಲ್ಲಿ 1959ರ ಕಾಯ್ದೆಯ ಪ್ರಕಾರ ಸರ್ಕಾರಿ ಗೂಡಿನ ಮಾರುಕಟ್ಟೆಗಳಿವೆ. ಅಲ್ಲಿ ಹರಾಜು ಆಗುತ್ತದೆ, ತೂಕ ಎಲ್ಲರೆದುರಿಗೆ ನಡೆಯುತ್ತದೆ. ಮಾರುಕಟ್ಟೆ ಮೋಸವನ್ನು ತಡೆಯಬಹುದು, ಆದರೆ ಬೆಲೆ ಬೀಳುವುದನ್ನು ತಡೆಯಲಾರದು.

ಹರಾಜಿನ ಆಚೆ ಬದಿ

ಕೊಳ್ಳುವವರೆಲ್ಲ ದೊಡ್ಡ ಸಾಹುಕಾರರು ಎಂದು ತಿಳಿಯಬಾರದು. ನಮ್ಮ ಅಬ್ಬಾ ಕೂಡ ಸಣ್ಣ ರೀಲರ್. ನಮ್ಮ ಮೊಹಲ್ಲಾದಲ್ಲಿ ಅನೇಕ ಮನೆಗಳ ಕಸುಬು ಇದೇ. ಮಿಶ್ರತಳಿ ಗೂಡಾದರೆ 1 ಕೆ.ಜಿ. ನೂಲಿಗೆ ಸುಮಾರು 8 ಕೆ.ಜಿ. ಗೂಡು ಬೇಕು. ಗೂಡಿನ ಬೆಲೆ 50 ರೂಪಾಯಿ ಏರಿದರೆ ನೂಲಿನ ಖರ್ಚು 400 ರೂಪಾಯಿ ಏರುತ್ತದೆ. ಆದರೆ ನೂಲು ಕೊಳ್ಳುವವರು ಅಷ್ಟು ಹೆಚ್ಚು ಕೊಡುವುದಿಲ್ಲ, ಏಕೆಂದರೆ ಅವರ ಮುಂದೆ ಚೀನಾ ರೇಷ್ಮೆಯೂ ಇದೆ. ಗೂಡಿಗೆ ಹಣವನ್ನು ಇಂದೇ ಕಟ್ಟಬೇಕು, ನೂಲಿನ ಹಣ ತಡವಾಗಿ ಬರುತ್ತದೆ. ನಮ್ಮ ಮನೆಯಲ್ಲೂ ಅಮ್ಮಿ ಮಾಡುವ ಕೆಲಸಕ್ಕೆ ಯಾರೂ ಮಜೂರಿ ಬರೆಯುವುದಿಲ್ಲ. ಹರಾಜಿನಲ್ಲಿ ರೈತ ಮತ್ತು ರೀಲರ್ ಎದುರುಬದುರು ನಿಂತಿದ್ದರೂ ಇಬ್ಬರ ಮನೆಯ ಲೆಕ್ಕವೂ ಒಂದೇ ರೀತಿಯದು.

ಬರೆಯದೇ ಉಳಿದ ಖರ್ಚು

ಹುಳು ನಾಲ್ಕನೇ ಜ್ವರದಿಂದ ಎದ್ದ ಮೇಲಿನ ಕೊನೆಯ ವಾರದಲ್ಲಿ ಒಟ್ಟು ಸೊಪ್ಪಿನ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ತಿನ್ನುತ್ತದೆ. ಆಮೇಲೆ ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು, ಅದನ್ನು ನಾಳೆಗೆ ಇಡುವಂತಿಲ್ಲ. ಆ ವಾರ ಮನೆಗೆ ಎಷ್ಟು ಕೈ ಇದ್ದರೂ ಸಾಲದು. ನಮ್ಮ ತರಗತಿಯಲ್ಲೇ ಕೆಲವರು, ಅದರಲ್ಲೂ ಹುಡುಗಿಯರು, ಆ ದಿನಗಳಲ್ಲಿ ಕಾಲೇಜಿಗೆ ಬರುವುದಿಲ್ಲ. ವರ್ಷಕ್ಕೆ ಐದು ಬೆಳೆ, ಬೆಳೆಗೆ ಐದು ದಿನ ಎಂದರೂ 25 ದಿನ ಪಾಠ ಹೋಯಿತು. ಶೇ. 75ರ ಹಾಜರಾತಿಗೆ ಇದು ದೊಡ್ಡ ಪೆಟ್ಟು. ಈ ಖರ್ಚು ಎ2ರಲ್ಲಿ ಇಲ್ಲ, ಸಿ2ರಲ್ಲೂ ಇಲ್ಲ. ಗೂಡಿನ ಬೆಲೆಯಲ್ಲಂತೂ ಇಲ್ಲವೇ ಇಲ್ಲ.

ಕಾಮರ್ಸ್ ಓದುವ ನಾವು ಒಂದು ಕೆಲಸ ಮಾಡಬಹುದು. ಮನೆಯ ಮುಂದಿನ ಬೆಳೆಗೆ ಒಂದು ನೋಟ್ ಬುಕ್‌ನಲ್ಲಿ ಮೂರು ಕಾಲಂ ಎಳೆಯೋಣ: ಕೈಯಿಂದ ಹೋದ ಹಣ, ಕೈಗೆ ಬಂದ ಹಣ, ಮನೆಯವರು ದುಡಿದ ದಿನಗಳು. ಮೂರನೆಯ ಕಾಲಂನಲ್ಲಿ ಅಮ್ಮನ ದಿನಗಳನ್ನೂ, ಕಾಲೇಜು ಬಿಟ್ಟ ನಮ್ಮ ದಿನಗಳನ್ನೂ ಬರೆಯೋಣ. ಬರೆದ ಮಾತ್ರಕ್ಕೆ ಗೂಡಿನ ಬೆಲೆ ಏರುವುದಿಲ್ಲ. ಆದರೆ ಕೊನೆಯ ವಾರಕ್ಕೆ ಇನ್ನೊಬ್ಬ ಕೂಲಿಯಾಳನ್ನು ಕರೆಯುವುದು ದುಬಾರಿಯೋ, ಮಗಳ ಪಾಠ ತಪ್ಪಿಸುವುದು ದುಬಾರಿಯೋ ಎಂದು ಮನೆಯವರೆಲ್ಲ ಕೂತು ನೋಡಬಹುದು. ಈಗ ಆ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ, ಏಕೆಂದರೆ ಅದರ ಒಂದು ಬದಿಯನ್ನು ನಾವು ಎಲ್ಲೂ ಬರೆದಿಟ್ಟಿಲ್ಲ.